ಈ ಮೈ ಎಷ್ಟು ತಡೆದೀತು: ಆಯುರ್ವೇದದ ಪ್ರಕೃತಿ ವಿಚಾರ



ನಮ್ಮ ಮನೆಗಳಲ್ಲಿ ಮೈಯನ್ನು ಎರಡಾಗಿ ಪಾಲು ಮಾಡುವ ರೂಢಿ ಹಳೆಯದು. ಒಬ್ಬರದು ಉಷ್ಣದ ಮೈ, ಇನ್ನೊಬ್ಬರದು ಶೀತದ ಮೈ. ಉಷ್ಣದವರಿಗೆ ಪಪ್ಪಾಯಿ ಬೇಡ, ಎಳನೀರು ಕೊಡಿ, ಒಂದೆಲಗದ ತಂಬುಳಿ ಬಡಿಸಿ. ಶೀತದವರಿಗೆ ರಾತ್ರಿ ಮೊಸರು ಬೇಡ, ಮೆಣಸಿನ ಸಾರು ಮಾಡಿ. ಅಜ್ಜಿಯರು ಯಾವ ಗ್ರಂಥವನ್ನೂ ತೆರೆಯದೆ ಹೀಗೆ ಹೇಳುತ್ತ ಬಂದಿದ್ದಾರೆ. ಈ ತಿಳಿವಳಿಕೆಯ ಬಗ್ಗೆ ನನಗೆ ಗೌರವವಿದೆ. ಒಂದೇ ಪಂಕ್ತಿಯಲ್ಲಿ ಕೂತು ಒಂದೇ ಅಡುಗೆ ಉಂಡ ಇಬ್ಬರಲ್ಲಿ ಒಬ್ಬನಿಗೆ ಅದು ಹಿತವಾಗಿ, ಇನ್ನೊಬ್ಬನಿಗೆ ರಾತ್ರಿಯಿಡೀ ಹುಳಿತೇಗು ಬರಬಹುದು ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು. ಶಾಸ್ತ್ರ ಇದೇ ಕಾಣ್ಕೆಯನ್ನು ಹಿಡಿದು ಬಹಳ ದೂರ ನಡೆಯಿತು. ಆ ದಾರಿಯಲ್ಲಿ ಅದಕ್ಕೆ ಎದುರಾದ ತೊಡಕುಗಳು, ಗ್ರಂಥಕಾರರ ನಡುವೆಯೇ ಎದ್ದ ಭಿನ್ನಾಭಿಪ್ರಾಯಗಳು ಇಂದು ಜನರಿಗೆ ಹೆಚ್ಚು ತಲುಪಿಲ್ಲ. ಅವನ್ನು ನಿಮ್ಮ ಮುಂದೆ ಇಡಬೇಕೆಂದೇ ಈ ವಿಷಯವನ್ನು ಆರಿಸಿಕೊಂಡೆ.

ವಿಷಯಕ್ಕೆ ಈಗಿನ ತುರ್ತೂ ಇದೆ. 2024ರ ನವೆಂಬರ್ 26ರಂದು ಕೇಂದ್ರದ ಆಯುಷ್ ಸಚಿವಾಲಯ ದೇಶದಾದ್ಯಂತ ಪ್ರಕೃತಿ ಪರೀಕ್ಷಾ ಅಭಿಯಾನ ಶುರುಮಾಡಿತು. ಮೊಬೈಲ್ ಆ್ಯಪ್‌ ಹಿಡಿದ ಸ್ವಯಂಸೇವಕರು ಪ್ರಶ್ನೆ ಕೇಳಿ, ಉತ್ತರ ತುಂಬಿ, ಒಂದು ಕೋಟಿಗೂ ಹೆಚ್ಚು ಜನರ ಪ್ರಕೃತಿಯನ್ನು, ಅಂದರೆ ವಾತ, ಪಿತ್ತ, ಕಫ ಎಂಬ ಮೂರು ದೋಷಗಳಲ್ಲಿ ಹುಟ್ಟಿನಿಂದ ಯಾವುದು ಮೇಲಾಗಿದೆ ಎಂಬುದನ್ನು, ದಾಖಲಿಸಿದರು. ಆಯುರ್ವೇದದ ಒಂದು ತಾಂತ್ರಿಕ ಪರಿಕಲ್ಪನೆ ಇಷ್ಟು ಜನರ ಬಳಿ ಒಮ್ಮೆಗೇ ಹೋದದ್ದು ಹಿಂದೆ ನಡೆದಿರಲಿಕ್ಕಿಲ್ಲ. ಅದರಿಂದಾಗಿ ಈಗ ಕಾಲೇಜು ಹುಡುಗರೂ “ನಾನು ಪಿತ್ತ”, “ನೀನು ಕಫ” ಎಂದು ಪರಿಚಯ ಹೇಳಿಕೊಳ್ಳುತ್ತಾರೆ. ಜನ್ಮನಕ್ಷತ್ರ ಹೇಳಿದ ಹಾಗೆ. ನನ್ನ ಕಳವಳ ಇರುವುದು ಇಲ್ಲಿಯೇ. ಪ್ರಕೃತಿ ಪರೀಕ್ಷೆ ಹುಟ್ಟಿದ್ದು ಮನುಷ್ಯನಿಗೆ ಒಂದು ಹೆಸರು ಅಂಟಿಸುವುದಕ್ಕಾಗಿ ಅಲ್ಲ. ಈ ರೋಗಿಗೆ ಎಷ್ಟು ಔಷಧ ಕೊಟ್ಟರೆ ತಡೆದುಕೊಂಡಾನು ಎಂಬ ವೈದ್ಯನ ಆತಂಕದಿಂದ ಅದು ಹುಟ್ಟಿತು.

ಚರಕ ಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯವನ್ನು ನೋಡಿ. ಬಹಳ ದೊಡ್ಡ ಅಧ್ಯಾಯ. ವಿದ್ಯಾರ್ಥಿ ಶಾಸ್ತ್ರವನ್ನು ಹೇಗೆ ಆರಿಸಿಕೊಳ್ಳಬೇಕು, ಗುರುವನ್ನು ಹೇಗೆ ಪರೀಕ್ಷಿಸಬೇಕು ಎಂಬಲ್ಲಿಂದ ಅದು ಆರಂಭವಾಗುತ್ತದೆ. ಬಳಿಕ ವಿದ್ವಾಂಸರೊಡನೆ ವಾದ ಮಾಡುವ ಬಗೆ, ವಾದದಲ್ಲಿ ಸೋಲುವ ಬಗೆಗಳೂ ಬರುತ್ತವೆ. ಅಷ್ಟೆಲ್ಲ ಆದ ಮೇಲೆ ರೋಗಿಯನ್ನು ಹತ್ತು ಮುಖಗಳಿಂದ ನೋಡಬೇಕೆಂಬ ಮಾತು ಬರುತ್ತದೆ: ಪ್ರಕೃತಿ, ವಿಕೃತಿ (ರೋಗದ ಸ್ಥಿತಿ), ಸಾರ (ಧಾತುಗಳ ಗಟ್ಟಿತನ), ಸಂಹನನ (ಮೈಕಟ್ಟು), ಪ್ರಮಾಣ (ಅಂಗಗಳ ಅಳತೆ), ಸಾತ್ಮ್ಯ (ಮೈಗೆ ಒಗ್ಗಿದ್ದು), ಸತ್ತ್ವ (ಮನೋಬಲ), ಆಹಾರಶಕ್ತಿ, ವ್ಯಾಯಾಮಶಕ್ತಿ, ವಯಸ್ಸು. ಇದೇ ದಶವಿಧ ಪರೀಕ್ಷೆ. ಯಾಕಾಗಿ ಈ ಪರೀಕ್ಷೆ ಎಂಬುದನ್ನೂ ಚರಕ ಅಲ್ಲಿಯೇ ಸ್ಪಷ್ಟಪಡಿಸುತ್ತಾನೆ. ಔಷಧದ ಪ್ರಮಾಣ ದೋಷದ ಪ್ರಮಾಣವನ್ನು ಅನುಸರಿಸಬೇಕು, ಜೊತೆಗೆ ರೋಗಿಯ ಬಲವನ್ನೂ ಅನುಸರಿಸಬೇಕು. ತೀಕ್ಷ್ಣವಾದ ಔಷಧ, ಕ್ಷಾರ, ಅಗ್ನಿಕರ್ಮ, ಶಸ್ತ್ರಕರ್ಮಗಳನ್ನು ಪರೀಕ್ಷೆಯಿಲ್ಲದೆ ದುರ್ಬಲನ ಮೇಲೆ ಪ್ರಯೋಗಿಸಿದರೆ ಪ್ರಾಣಕ್ಕೇ ಕುತ್ತು. ಬಲಿಷ್ಠನಿಗೆ ಬಲವಾದ ರೋಗ ಬಂದಾಗ ಸೌಮ್ಯ ಔಷಧ ಕೊಟ್ಟರೆ ಅದು ಏನೂ ಮಾಡದು. ಹಾಗಾಗಿ ಮೊದಲು ಬಲವನ್ನು ಅಳೆಯಬೇಕು. ಅಳೆಯುವ ಹತ್ತು ಕೋಲುಗಳಲ್ಲಿ ಪ್ರಕೃತಿ ಒಂದು.

ಹತ್ತರಲ್ಲಿ ಒಂದು. ವಿದ್ಯಾರ್ಥಿಗಳು ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಉಳಿದ ಒಂಬತ್ತನ್ನು ಬಿಟ್ಟು ಇದೊಂದನ್ನೇ ಎತ್ತಿ ಮೆರೆಸುವುದು ಚರಕನ ಕ್ರಮವಲ್ಲ.

ಪ್ರಕೃತಿ ಎಲ್ಲಿಂದ ಬರುತ್ತದೆ? ಚರಕ ಹೇಳುವಂತೆ ಶುಕ್ರ ಶೋಣಿತಗಳ ಸ್ವಭಾವ, ಗರ್ಭ ನಿಂತ ಕಾಲ ಮತ್ತು ಗರ್ಭಾಶಯದ ಸ್ಥಿತಿ, ಬಸುರಿ ತಾಯಿಯ ಆಹಾರ ವಿಹಾರ, ಪಂಚಮಹಾಭೂತಗಳ ವಿಕಾರ, ಇವೆಲ್ಲ ಕೂಡಿ ಅದನ್ನು ಗೊತ್ತುಮಾಡುತ್ತವೆ. ಆ ಹೊತ್ತಿನಲ್ಲಿ ವಾತ ಪಿತ್ತ ಕಫಗಳಲ್ಲಿ ಯಾವುದು ಮೇಲಾಗಿರುತ್ತದೋ ಅದು ಗರ್ಭಕ್ಕೆ ಅಂಟಿಕೊಳ್ಳುತ್ತದೆ. ಸುಶ್ರುತ ತನ್ನ ಸಂಹಿತೆಯ ಶಾರೀರಸ್ಥಾನದ ನಾಲ್ಕನೆಯ ಅಧ್ಯಾಯದಲ್ಲಿ ಏಳು ಪ್ರಕೃತಿಗಳನ್ನು ಎಣಿಸುತ್ತಾನೆ: ಒಂದೊಂದೇ ದೋಷದಿಂದ ಮೂರು, ಎರಡೆರಡರ ಕೂಟದಿಂದ ಮೂರು, ಮೂರೂ ಸಮವಾಗಿರುವುದು ಒಂದು. ಅಲ್ಲಿಗೆ ನಿಲ್ಲದೆ, ಪಂಚಭೂತಗಳ ಲೆಕ್ಕದಲ್ಲಿ ಪ್ರಕೃತಿಯನ್ನು ಹೇಳುವವರೂ ಇದ್ದಾರೆಂದು ಅವನು ದಾಖಲಿಸುತ್ತಾನೆ. ಆ ಕಾಲದಲ್ಲೂ ಒಂದೇ ವರ್ಗೀಕರಣ ಇರಲಿಲ್ಲವೆಂಬುದಕ್ಕೆ ಇದು ಸಾಕ್ಷಿ. ಚರಕ ಇಂದ್ರಿಯಸ್ಥಾನದ ಮೊದಲ ಅಧ್ಯಾಯದಲ್ಲಿ ಇನ್ನೊಂದು ಪಟ್ಟಿಯನ್ನೇ ಕೊಡುತ್ತಾನೆ. ಅದರಲ್ಲಿ ಜಾತಿ, ಕುಲ, ದೇಶ, ಕಾಲ, ವಯಸ್ಸು ಬರುತ್ತವೆ. ಕೊನೆಗೆ ಆಯಾ ವ್ಯಕ್ತಿಗೆ ಮಾತ್ರ ನಿಯತವಾದದ್ದೂ ಬರುತ್ತದೆ. ಈ ಕೊನೆಯದು ನನಗೆ ಬಹಳ ಪ್ರಿಯವಾದದ್ದು. ಎಷ್ಟೇ ಗುಂಪು ಮಾಡಿದರೂ ಯಾವ ಗುಂಪಿಗೂ ಸೇರದ ಏನೋ ಒಂದು ಪ್ರತಿಯೊಬ್ಬನಲ್ಲೂ ಉಳಿಯುತ್ತದೆಂದು ಗ್ರಂಥಕಾರ ಅಲ್ಲಿ ಒಪ್ಪಿಕೊಳ್ಳುತ್ತಾನೆ.

ಲಕ್ಷಣಗಳಿಗೆ ಬರೋಣ. ಜನಪ್ರಿಯ ಪುಸ್ತಕಗಳಲ್ಲಿ ವಾತದವರು ತೆಳ್ಳಗೆ, ಪಿತ್ತದವರು ಕೋಪಿಷ್ಠರು, ಕಫದವರು ದಪ್ಪ ಎಂದು ಮುಗಿಸುತ್ತಾರೆ. ಚರಕನ ಕ್ರಮ ಬೇರೆ. ಅವನು ಮೊದಲು ದೋಷದ ಗುಣಗಳನ್ನು ಹೇಳಿ, ಒಂದೊಂದು ಗುಣದಿಂದ ಒಂದೊಂದು ಲಕ್ಷಣವನ್ನು ಎಳೆದು ತೋರಿಸುತ್ತಾನೆ. ವಾತ ರೂಕ್ಷ, ಆದ್ದರಿಂದ ಮೈ ಒಣಗಿದ್ದು, ಕೃಶವಾಗಿದ್ದು, ದನಿ ಒಡಕಾಗಿ, ನಿದ್ದೆ ಕಡಿಮೆ. ವಾತ ಲಘು, ಆದ್ದರಿಂದ ನಡಿಗೆ, ಊಟ, ಮಾತು ಎಲ್ಲ ಚುರುಕು. ವಾತ ಚಲ, ಆದ್ದರಿಂದ ಕೀಲು, ಕಣ್ಣು, ಹುಬ್ಬು, ದವಡೆ, ತುಟಿ, ನಾಲಿಗೆ, ಹೆಗಲು, ಕೈಕಾಲು ಒಂದೆಡೆ ನಿಲ್ಲವು. ವಾತ ಬಹು, ಆದ್ದರಿಂದ ಮಾತು ಹೆಚ್ಚು, ಮೈಮೇಲೆ ನರಗಳ ಬಲೆ ಎದ್ದು ಕಾಣುತ್ತದೆ. ವಾತ ಶೀಘ್ರ, ಆದ್ದರಿಂದ ಕೆಲಸಕ್ಕೆ ಥಟ್ಟನೆ ಕೈಹಾಕುತ್ತಾನೆ, ಬೇಗ ಹೆದರುತ್ತಾನೆ, ಬೇಗ ಒಲಿಯುತ್ತಾನೆ, ಬೇಗ ಮುನಿಯುತ್ತಾನೆ, ಕೇಳಿದ್ದನ್ನು ಬೇಗ ಹಿಡಿಯುತ್ತಾನೆ, ಅಷ್ಟೇ ಬೇಗ ಮರೆಯುತ್ತಾನೆ. ವಾತ ಶೀತ, ಆದ್ದರಿಂದ ಚಳಿ ತಡೆಯದು, ನಡುಕ, ಸೆಟೆತ. ವಾತ ಪರುಷ, ಆದ್ದರಿಂದ ಕೂದಲು, ಉಗುರು, ಹಲ್ಲು, ಅಂಗೈ ಅಂಗಾಲು ಒರಟು. ವಾತ ವಿಶದ, ಆದ್ದರಿಂದ ಮೈ ಬಿರಿಯುತ್ತದೆ, ನಡೆಯುವಾಗ ಕೀಲು ಲಟಕ್ಕೆನ್ನುತ್ತದೆ.

ಪಿತ್ತಕ್ಕೂ ಹೀಗೆಯೇ. ಉಷ್ಣದಿಂದಾಗಿ ಬಿಸಿಲು ಸೇರದು. ಮಚ್ಚೆ, ಬಂಗು ಹೆಚ್ಚು. ಹಸಿವು ಬಾಯಾರಿಕೆ ಜೋರು. ನೆರೆ, ಸುಕ್ಕು, ಬಕ್ಕತಲೆ ಬೇಗ. ತೀಕ್ಷ್ಣದಿಂದಾಗಿ ಪರಾಕ್ರಮ ಮತ್ತು ಜೀರ್ಣಶಕ್ತಿ ಎರಡೂ ಚೂಪು. ಕಷ್ಟ ಸಹಿಸುವುದು ಕಡಿಮೆ. ಅಡಿಗಡಿಗೆ ಏನಾದರೂ ತಿನ್ನುತ್ತಿರಬೇಕು. ದ್ರವದಿಂದಾಗಿ ಕೀಲು ಮಾಂಸಗಳು ಸಡಿಲ, ಬೆವರು ಹೆಚ್ಚು. ವಿಸ್ರದಿಂದಾಗಿ ಕಂಕುಳು, ಬಾಯಿ, ಮೈಗಳಲ್ಲಿ ವಾಸನೆ. ಕಫದ ಗುಣಗಳು ಹನ್ನೆರಡು. ಸ್ನಿಗ್ಧದಿಂದ ಮೊದಲಾಗಿ ಅಚ್ಛದವರೆಗೆ. ಅಚ್ಛವೆಂದರೆ ತಿಳಿಯಾದದ್ದು, ಅದರಿಂದ ಕಣ್ಣು, ಮುಖ, ದನಿ ತಿಳಿಯಾಗಿರುತ್ತವೆ. ಮಂದದಿಂದ ನಡೆ, ಊಟ, ಮಾತು ನಿಧಾನ. ಶೀತದಿಂದ ಹಸಿವು, ನೀರಡಿಕೆ, ಬೆವರು ಕಡಿಮೆ.

ಇಲ್ಲಿ ಲಕ್ಷಣಗಳ ಬರಿಯ ಪಟ್ಟಿಯಿಲ್ಲ, ಕಾರಣದ ಸರಣಿಯಿದೆ. ಆ ಸರಣಿಯಿಂದ ವೈದ್ಯನಿಗೆ ದೊಡ್ಡ ಲಾಭವೊಂದಿದೆ. ಒಬ್ಬನಲ್ಲಿ ವಾತದ ಲಘುತ್ವ ಕಂಡು ರೂಕ್ಷತೆ ಕಾಣದಿದ್ದರೆ, “ಅರ್ಧ ವಾತ” ಎಂದು ಅಂಕ ಹಾಕಿ ಕೈತೊಳೆದುಕೊಳ್ಳದೆ, ಯಾವ ಗುಣ ಇದೆ, ಯಾವುದು ಇಲ್ಲ ಎಂದು ನೋಡಬಹುದು. ಔಷಧವನ್ನೂ ಆಹಾರವನ್ನೂ ನಾವು ಗುಣದಿಂದಲೇ ಅಳೆಯುತ್ತೇವೆ. ರೂಕ್ಷ ಮೈಗೆ ಸ್ನಿಗ್ಧ ಆಹಾರ, ಉಷ್ಣಕ್ಕೆ ಶೀತ. ಉತ್ತರ ಕರ್ನಾಟಕದ ಬಯಲಿನಲ್ಲಿ ಜೋಳದ ರೊಟ್ಟಿಗೆ ಬೆಣ್ಣೆ, ಗುರೆಳ್ಳಿನ ಪುಡಿ, ಶೇಂಗಾ ಹಿಂಡಿ ಜೊತೆಯಾದದ್ದನ್ನು ನಾನು ಈ ಕಣ್ಣಿನಿಂದಲೇ ನೋಡುತ್ತೇನೆ: ಒಣ ಸೀಮೆ, ಒಣ ಧಾನ್ಯ, ಅದಕ್ಕೆ ಜಿಡ್ಡಿನ ಆಸರೆ. ಶಾಸ್ತ್ರ ಭೂಮಿಯನ್ನು ಜಾಂಗಲ, ಆನೂಪ, ಸಾಧಾರಣ ಎಂದು ವಿಂಗಡಿಸುತ್ತದೆ. ಮಳೆ ಕಡಿಮೆಯ ಬಯಲುಸೀಮೆ ಜಾಂಗಲಕ್ಕೆ ಹತ್ತಿರ. ನೀರು ಕಾಡುಗಳ ಮಲೆನಾಡು, ಕರಾವಳಿಗಳು ಆನೂಪಕ್ಕೆ ಹತ್ತಿರ. ವಿಜಯಪುರದ ವಾತ ಪ್ರಕೃತಿಯವನಿಗೂ ಆಗುಂಬೆಯ ವಾತ ಪ್ರಕೃತಿಯವನಿಗೂ ಒಂದೇ ಪಥ್ಯದ ಚೀಟಿ ಬರೆದುಕೊಟ್ಟರೆ ಅದು ಇಬ್ಬರಿಗೂ ಹೊಂದಲಾರದು.

ಸಾತ್ಮ್ಯದ ವಿಷಯದಲ್ಲಿ ನಮ್ಮ ನಾಡಿನದೇ ಒಂದು ನಿದರ್ಶನವಿದೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಜೈನ ಮುನಿ ಉಗ್ರಾದಿತ್ಯ ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ ಬರೆದ. ಮಾಂಸ, ಮದ್ಯ, ಜೇನು ಬಿಟ್ಟು ಇಡೀ ಚಿಕಿತ್ಸೆಯನ್ನು ಕಟ್ಟಿದ. ಹನ್ನೆರಡನೆಯ ಶತಮಾನದ ಹೊತ್ತಿಗೆ ಜಗದ್ದಳ ಸೋಮನಾಥ ಜೈನಾಚಾರ್ಯ ಪೂಜ್ಯಪಾದರ ಗ್ರಂಥವನ್ನು ಅನುಸರಿಸಿ ಕನ್ನಡದಲ್ಲಿ ‘ಕರ್ನಾಟಕ ಕಲ್ಯಾಣಕಾರಕ’ ರಚಿಸಿದ. ಚರಕನ ಅಡುಗೆಮನೆಯಲ್ಲಿ ಮಾಂಸರಸಕ್ಕೆ ದೊಡ್ಡ ಸ್ಥಾನವಿತ್ತು. ಅದನ್ನು ತೆಗೆದೂ ವೈದ್ಯಶಾಸ್ತ್ರ ನಿಂತಿತು. ಸಿದ್ಧಾಂತ ಗುಣಗಳ ಮೇಲೆ ನಿಂತಿದ್ದರಿಂದಲೇ ದ್ರವ್ಯಗಳನ್ನು ಬದಲಿಸಲು ಸಾಧ್ಯವಾಯಿತು ಎಂಬುದು ನನ್ನ ಓದು.

ಈಗ ಗ್ರಂಥಗಳ ನಡುವಿನ ಜಗಳಕ್ಕೆ ಬರುತ್ತೇನೆ. ವಾತ ಪ್ರಕೃತಿಯವನು ಆರೋಗ್ಯವಂತನೋ ಅಲ್ಲವೋ? ಇದು ಸಣ್ಣ ಪ್ರಶ್ನೆಯಲ್ಲ.

ಚರಕ ಕಟ್ಟುನಿಟ್ಟು. ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ, ಮೂರೂ ದೋಷಗಳು ಸಮವಾಗಿರುವವರೇ ನಿರೋಗಿಗಳು, ಉಳಿದವರು ಸದಾ ಆತುರರು, ಅಂದರೆ ಯಾವಾಗಲೂ ರೋಗದ ಅಂಚಿನಲ್ಲಿರುವವರು ಎನ್ನುತ್ತಾನೆ. ವಿಮಾನಸ್ಥಾನದ ಆರನೆಯ ಅಧ್ಯಾಯದಲ್ಲಿ ಒಂದು ಪೂರ್ವಪಕ್ಷವನ್ನು ತಂದು ನಿಲ್ಲಿಸುತ್ತಾನೆ. ಜನ ತಿನ್ನುವುದೇ ವಿಷಮವಾಗಿರುವಾಗ ಸಮಧಾತುವಿನ ಮನುಷ್ಯ ಇರಲು ಸಾಧ್ಯವೇ ಇಲ್ಲ, ಹಾಗಾಗಿ ಎಲ್ಲರೂ ವಾತ ಪ್ರಕೃತಿ, ಪಿತ್ತ ಪ್ರಕೃತಿ, ಕಫ ಪ್ರಕೃತಿಯವರೇ ಎಂಬುದು ಆ ವಾದ. ಚರಕ ಒಪ್ಪುವುದಿಲ್ಲ. ಆರೋಗ್ಯವೇ ಪ್ರಕೃತಿ, ವಿಷಮ ದೋಷದವರನ್ನು ವಾತಲ, ಪಿತ್ತಲ, ಶ್ಲೇಷ್ಮಲ ಎನ್ನಿ, ಅವರದು ದೋಷಪ್ರಕೃತಿ, ಅದನ್ನು ಸಹಜ ಆರೋಗ್ಯವೆಂದು ಕರೆಯಬೇಡಿ ಎನ್ನುತ್ತಾನೆ. ಸುಶ್ರುತನ ಮನೋಭಾವ ಬೇರೆ. ವಿಷದಲ್ಲಿ ಹುಟ್ಟಿದ ಹುಳು ವಿಷದಿಂದ ಸಾಯುವುದಿಲ್ಲ. ಹಾಗೆಯೇ ಪ್ರಕೃತಿಯಾಗಿ ಬಂದ ದೋಷ ಆ ಮನುಷ್ಯನನ್ನು ಪೀಡಿಸುವುದಿಲ್ಲ ಎನ್ನುತ್ತಾನೆ. ಅಷ್ಟೇ ಅಲ್ಲ, ಪ್ರಕೃತಿ ಬದಲಾಗುವುದಿಲ್ಲ. ಬದಲಾದರೆ ಆಯುಷ್ಯ ಮುಗಿಯಿತೆಂದು ತಿಳಿಯಬೇಕು ಎನ್ನುತ್ತಾನೆ.

ಇಬ್ಬರೂ ಸರಿಯಾಗಿರುವುದು ಸಾಧ್ಯವೇ? ಹಾಸಿಗೆಯ ಪಕ್ಕದಲ್ಲಿ ನಿಂತು ನೋಡಿದರೆ ಸಾಧ್ಯ ಎಂದೇ ನನಗೆ ಅನಿಸುತ್ತದೆ. ನಿದ್ದೆಯನ್ನೇ ತೆಗೆದುಕೊಳ್ಳಿ. ಒಬ್ಬ ಎಳವೆಯಿಂದಲೂ ರಾತ್ರಿ ಐದು ಗಂಟೆ ಮಲಗಿ ಲವಲವಿಕೆಯಿಂದ ಎದ್ದವನು. ಇನ್ನೊಬ್ಬ ಎಂಟು ಗಂಟೆ ಗಾಢವಾಗಿ ನಿದ್ರಿಸುತ್ತಿದ್ದವನು, ಈಚೆಗೆ ಐದು ಗಂಟೆಗೆ ಇಳಿದಿದ್ದಾನೆ. ಗಡಿಯಾರದಲ್ಲಿ ಇಬ್ಬರದೂ ಐದೇ. ಮೊದಲನೆಯವನನ್ನು ಸುಶ್ರುತನ ಮಾತಿನಂತೆ ಅವನ ಪಾಡಿಗೆ ಬಿಡಬೇಕು. ಎರಡನೆಯವನಿಗೆ ಚಿಕಿತ್ಸೆ ಬೇಕು. ಈ ವ್ಯತ್ಯಾಸ ಯಾವ ಯಂತ್ರದಲ್ಲೂ ಕಾಣುವುದಿಲ್ಲ. ಮೊದಲು ಹೇಗಿದ್ದಿರಿ ಎಂದು ಕೇಳಿದರೆ ಮಾತ್ರ ಕಾಣುತ್ತದೆ. ಆದರೆ ಆ ಮೊದಲನೆಯವನಿಗೇ ನಾಳೆ ವಾತದ ರೋಗ ಬಂದರೆ ಚರಕನ ಎಚ್ಚರಿಕೆ ಮುಂದೆ ಬರುತ್ತದೆ. ಸೂತ್ರಸ್ಥಾನದ ಹತ್ತನೆಯ ಅಧ್ಯಾಯ ಸುಖಸಾಧ್ಯ ರೋಗದ ಲಕ್ಷಣ ಹೇಳುವಾಗ, ರೋಗದ ದೋಷವೂ ರೋಗಿಯ ಪ್ರಕೃತಿಯೂ ಒಂದೇ ಆಗಿರಬಾರದೆಂದು ಸೇರಿಸುತ್ತದೆ. ಕಫ ಪ್ರಕೃತಿಯವನಿಗೆ ಬಂದ ವಾತರೋಗಕ್ಕೆ ಅವನ ಮೈಯೇ ವೈದ್ಯನ ಪರ ನಿಲ್ಲುತ್ತದೆ. ವಾತ ಪ್ರಕೃತಿಯವನಿಗೆ ಬಂದ ವಾತರೋಗಕ್ಕೆ ಮೈಯೇ ರೋಗದ ಪರ.

ಪ್ರಮಾಣದ ವಿಷಯಕ್ಕೂ ಒಂದು ನೇರ ಉದಾಹರಣೆ ಕೊಡುತ್ತೇನೆ. ವಿರೇಚನ, ಅಂದರೆ ಭೇದಿಯ ಔಷಧ, ಕೊಡುವ ಮೊದಲು ಕೋಷ್ಠ, ಅಂದರೆ ಹೊಟ್ಟೆಯ ಸ್ವಭಾವ, ಕೇಳಬೇಕು. ಪಿತ್ತ ಹೆಚ್ಚಿರುವ ಮೃದು ಕೋಷ್ಠದವನಿಗೆ ಬಿಸಿ ಹಾಲು, ದ್ರಾಕ್ಷಿಯಷ್ಟರಿಂದಲೇ ಭೇದಿಯಾಗುತ್ತದೆ. ವಾತ ಹೆಚ್ಚಿರುವ ಕ್ರೂರ ಕೋಷ್ಠದವನಿಗೆ ತಿಗಡೆ ಬೇರಿನಂಥ ಬಲವಾದ ದ್ರವ್ಯ ಕೊಟ್ಟರೂ ಕಷ್ಟ. ಎರಡನೆಯವನ ಮಾತ್ರೆಯನ್ನು ಮೊದಲನೆಯವನಿಗೆ ಕೊಟ್ಟರೆ ಆಗುವ ಅನಾಹುತವನ್ನು ಪಂಚಕರ್ಮದ ಕೋಣೆಯಲ್ಲಿ ಕೆಲಸ ಮಾಡಿದ ಯಾರೂ ಮರೆಯುವುದಿಲ್ಲ. ಪ್ರಕೃತಿ ಪರೀಕ್ಷೆ ಜೀವ ಉಳಿಸುವ ಕೆಲಸವೆಂದು ನಾನು ಹೇಳುವುದು ಈ ಅರ್ಥದಲ್ಲಿ.

ಗ್ರಂಥದಲ್ಲಿ ನಮಗೆ ಮುಜುಗರ ತರುವ ಮಾತುಗಳೂ ಇವೆ. ಅವನ್ನು ಮುಚ್ಚಿಡಬಾರದು. ಚರಕನ ಲೆಕ್ಕದಲ್ಲಿ ಕಫದವರು ಬಲಶಾಲಿಗಳು, ಧನವಂತರು, ವಿದ್ಯಾವಂತರು, ದೀರ್ಘಾಯುಗಳು. ಪಿತ್ತದವರು ಎಲ್ಲದರಲ್ಲೂ ಮಧ್ಯಮರು. ವಾತದವರು ಬಲದಲ್ಲೂ ಆಯುಷ್ಯದಲ್ಲೂ ಸಾಧನ ಸಂಪತ್ತಿನಲ್ಲೂ ಕಡಿಮೆ. ನಂತರದ ಗ್ರಂಥಕಾರ ವಾಗ್ಭಟ ವಾತ, ಪಿತ್ತ, ಕಫ ಪ್ರಕೃತಿಗಳನ್ನು ಕ್ರಮವಾಗಿ ಹೀನ, ಮಧ್ಯಮ, ಉತ್ತಮ ಎಂದೇ ಶ್ರೇಣಿ ಮಾಡಿದ್ದಾನೆ. ಸುಶ್ರುತನಂತೂ ವಾತದವನನ್ನು ಸಂಗೀತಪ್ರಿಯ ಎನ್ನುತ್ತಲೇ ಮತ್ಸರಿ, ಕಳ್ಳ ಎಂದೂ ಸೇರಿಸಿ, ಮೇಕೆ, ನರಿ, ಮೊಲ, ಇಲಿ, ಒಂಟೆ, ಕಾಗೆ, ಕತ್ತೆಗಳಿಗೆ ಹೋಲಿಸುತ್ತಾನೆ. ಕಫದವನಿಗೆ ಸಿಂಹ, ಆನೆ, ಹಂಸ. ಒಣಗಿದ ಚರ್ಮಕ್ಕೂ ಕಳ್ಳತನಕ್ಕೂ ಯಾವ ನಂಟೂ ಇಲ್ಲ. ವಿದ್ಯೆ, ಹಣಗಳು ದೋಷದಿಂದ ಬರುವುದಿಲ್ಲ. ಅವು ಎಲ್ಲಿಂದ ಬರುತ್ತವೆ, ಯಾರಿಗೆ ತಪ್ಪುತ್ತವೆ ಎಂದು ನಮಗೆಲ್ಲ ಗೊತ್ತಿದೆ. ಅರೆಹೊಟ್ಟೆಯಲ್ಲಿ ಬೆಳೆದ ಮಗುವಿನ ಮೈ ತೆಳ್ಳಗಿರುತ್ತದೆ, ಒಣಗಿರುತ್ತದೆ. ಅದನ್ನು ವಾತ ಪ್ರಕೃತಿ ಎಂದು ಬರೆದುಬಿಟ್ಟರೆ ಹಸಿವನ್ನು ಹುಟ್ಟುಗುಣವೆಂದು ಕರೆದ ಹಾಗಾಗುತ್ತದೆ. ಸ್ವಭಾವದ ಗುಣದೋಷಗಳನ್ನು ಹೇಳುವ ಈ ಭಾಗವನ್ನು ಚಿಕಿತ್ಸೆಯಿಂದ ದೂರವಿಡಬೇಕೆಂಬುದು ನನ್ನ ದೃಢ ನಿಲುವು. ಮನಸ್ಸಿನ ವಿಚಾರಕ್ಕೆ ಚರಕನೇ ಶಾರೀರಸ್ಥಾನದ ನಾಲ್ಕನೆಯ ಅಧ್ಯಾಯದಲ್ಲಿ ಹದಿನಾರು ಸತ್ತ್ವಗಳನ್ನು ಪ್ರತ್ಯೇಕವಾಗಿ ಹೇಳಿದ್ದಾನೆ. ಮೈಯ ಪ್ರಕೃತಿಯ ಮೇಲೆ ಆ ಹೊರೆಯನ್ನೂ ಹೊರಿಸಬೇಕಾಗಿಲ್ಲ.

ನಾಡಿ ಹಿಡಿದ ಕೂಡಲೇ ಪ್ರಕೃತಿ ಹೇಳುತ್ತೇವೆ ಎನ್ನುವವರ ಬಗ್ಗೆ ಒಂದು ಮಾತು. ಚರಕ, ಸುಶ್ರುತ, ವಾಗ್ಭಟರಲ್ಲಿ ನಾಡಿ ಪರೀಕ್ಷೆ ಇಲ್ಲ. ಅದು ವ್ಯವಸ್ಥಿತವಾಗಿ ಕಾಣಿಸಿಕೊಳ್ಳುವುದು ಶಾರ್ಙ್ಗಧರ ಸಂಹಿತೆಯಿಂದೀಚೆಗೆ. ನುರಿತವರ ನಾಡಿಜ್ಞಾನವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಾಡಿ ಇಂದಿನ ಸ್ಥಿತಿಯನ್ನು ಹೇಳುತ್ತದೆ. ಹುಟ್ಟಿನಿಂದ ಬಂದದ್ದನ್ನು ತಿಳಿಯಲು ಕೂತು ಮಾತಾಡಬೇಕು, ಸಾಧ್ಯವಿದ್ದರೆ ಅಪ್ಪ ಅಮ್ಮಂದಿರನ್ನೂ ಕೇಳಬೇಕು.

ವಿಜ್ಞಾನಿಗಳು ಈ ವಿಚಾರವನ್ನು ಕೈಗೆತ್ತಿಕೊಂಡದ್ದು ಸಂತೋಷದ ಸಂಗತಿ. ದೆಹಲಿಯ ಜಿನೋಮಿಕ್ಸ್ ಸಂಸ್ಥೆಯ ಮಿತಾಲಿ ಮುಖರ್ಜಿ, ಭಾವನಾ ಪರಾಶರ್ ಅವರ ತಂಡ 2008ರಲ್ಲಿ ಆರೋಗ್ಯವಂತರಲ್ಲೇ ಮೂರು ಪ್ರಕೃತಿಗಳವರ ನಡುವೆ ರಕ್ತದ ಅಂಶಗಳಲ್ಲೂ ವಂಶವಾಹಿಗಳ ಚಟುವಟಿಕೆಯಲ್ಲೂ ವ್ಯತ್ಯಾಸ ಕಂಡಿತು. 2010ರಲ್ಲಿ ಅದೇ ತಂಡ ಎತ್ತರದ ಪ್ರದೇಶಕ್ಕೆ ದೇಹ ಹೊಂದಿಕೊಳ್ಳುವುದಕ್ಕೆ ಸಂಬಂಧಿಸಿದ ಇಜಿಎಲ್‌ಎನ್1 ಎಂಬ ವಂಶವಾಹಿಯಲ್ಲಿ ಪ್ರಕೃತಿಗೆ ತಕ್ಕ ಭೇದವನ್ನು ತೋರಿಸಿತು. 2015ರಲ್ಲಿ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ತಂಗರಾಜ್ ಅವರೂ ಮಣಿಪಾಲದಲ್ಲಿದ್ದ ಹಿರಿಯ ಹೃದಯ ಶಸ್ತ್ರತಜ್ಞ ಎಂ.ಎಸ್. ವಲಿಯತ್ತಾನ್ ಅವರೂ ಸೇರಿ ನಡೆಸಿದ ಅಧ್ಯಯನ ಪ್ರಕಟವಾಯಿತು. 3,416 ಪುರುಷರನ್ನು ಪರೀಕ್ಷಿಸಿ, ಒಂದು ದೋಷ ಎದ್ದು ಕಾಣುವ 262 ಮಂದಿಯ ವಂಶವಾಹಿಗಳನ್ನು ನೋಡಿದರು. 52 ಗುರುತುಗಳಲ್ಲಿ ವ್ಯತ್ಯಾಸ ಸಿಕ್ಕಿತು. ಪಿಜಿಎಂ1 ಎಂಬ ವಂಶವಾಹಿಗೂ ಪಿತ್ತಕ್ಕೂ ನಂಟು ಕಂಡಿತು. ಇವನ್ನು ಆಯುರ್ವೇದಕ್ಕೆ ಸಿಕ್ಕ ಜಯಪತ್ರವೆಂದು ಓದಬೇಡಿ. 3,416ರಲ್ಲಿ 262 ಎಂಬುದನ್ನೇ ಗಮನಿಸಿ. ನಮ್ಮಲ್ಲಿ ಬಹುತೇಕರು ಮಿಶ್ರರು; ಸುಲಭವಾಗಿ ಒಂದು ಹೆಸರಿಗೆ ಒಗ್ಗದವರು. ಜೊತೆಗೆ, ಒಬ್ಬನೇ ವ್ಯಕ್ತಿಯನ್ನು ಬೇರೆ ಬೇರೆ ಆಯುರ್ವೇದ ವೈದ್ಯರು ನೋಡಿದರೆ ತೀರ್ಮಾನಗಳು ಸಾಕಷ್ಟು ಬೇರೆಯಾಗುತ್ತವೆಂದು 2013ರ ಒಂದು ಅಧ್ಯಯನ ತೋರಿಸಿದೆ. ಅಳೆಯುವ ಕೈಗಳೇ ಒಂದಾಗದಿದ್ದರೆ ವಂಶವಾಹಿಯ ಪ್ರಯೋಗಾಲಯ ಏನು ಮಾಡೀತು? ಮೊದಲು ನಮ್ಮ ಕೈಗಳನ್ನು ಪಳಗಿಸಬೇಕು.

ದಶವಿಧ ಪರೀಕ್ಷೆಯ ಕೊನೆಯ ಅಂಶವಾದ ವಯಸ್ಸನ್ನು ಇಲ್ಲಿ ಸೇರಿಸಬೇಕು. ಬಾಲ್ಯದಲ್ಲಿ ಕಫ, ನಡುವಯಸ್ಸಿನಲ್ಲಿ ಪಿತ್ತ, ಮುಪ್ಪಿನಲ್ಲಿ ವಾತ ಮೇಲುಗೈ ಪಡೆಯುತ್ತವೆ. ಎಪ್ಪತ್ತು ದಾಟಿದ ಕಫ ಪ್ರಕೃತಿಯ ಹಿರಿಯರಿಗೆ, ಆಷಾಢದ ಮಳೆಯಲ್ಲಿ ಮಂಡಿ ನೋವು ಎನ್ನೋಣ. ಪ್ರಕೃತಿ ಕಫ, ವಯಸ್ಸು ವಾತದ್ದು, ಋತುವೂ ವಾತದ್ದು. ಕಫವೆಂದು ಎಣ್ಣೆ ತುಪ್ಪ ನಿಲ್ಲಿಸಿದರೆ ನೋವು ಹೆಚ್ಚೀತು. ವಾತವೆಂದು ಧಾರಾಳ ಕೊಟ್ಟರೆ ಹಸಿವು ಕೆಟ್ಟೀತು. ಎಷ್ಟು, ಯಾವಾಗ, ಎಲ್ಲಿಯವರೆಗೆ ಎಂಬುದನ್ನು ಅವರ ಜೀರ್ಣಾಗ್ನಿ ನೋಡಿ, ದಿನದಿನಕ್ಕೂ ತಿದ್ದಿಕೊಳ್ಳುತ್ತ ಹೋಗಬೇಕು. ಆ್ಯಪ್‌ ಇದನ್ನು ಹೇಳಿಕೊಡಲಾರದು.

ಆದರೂ ಆ ಒಂದು ಕೋಟಿ ದಾಖಲೆಗಳು ವ್ಯರ್ಥವಾಗಬಾರದು ಎಂಬುದು ನನ್ನ ಆಸೆ. ಆರೋಗ್ಯವಾಗಿದ್ದಾಗಲೇ ಬರೆದಿಟ್ಟ ಪ್ರಕೃತಿಯ ವಿವರ ವೈದ್ಯನಿಗೆ ಅಪರೂಪದ ಸಂಪತ್ತು, ಏಕೆಂದರೆ ಸಾಮಾನ್ಯವಾಗಿ ಮನುಷ್ಯ ನಮ್ಮ ಬಳಿ ಬರುವುದೇ ಕೆಟ್ಟ ಮೇಲೆ. ಅವರಲ್ಲಿ ಒಂದಿಷ್ಟು ಜನರನ್ನಾದರೂ ಒಪ್ಪಿಗೆ ಪಡೆದು ವರ್ಷ ವರ್ಷವೂ ಮತ್ತೆ ನೋಡಬೇಕು. ಯಾರಿಗೆ ಯಾವ ಕಾಯಿಲೆ ಬಂತು, ಯಾವ ಔಷಧ ಎಷ್ಟರ ಪ್ರಮಾಣದಲ್ಲಿ ಹಿಡಿಸಿತು, ಸುಶ್ರುತ ಹೇಳಿದಂತೆ ಪ್ರಕೃತಿ ನಿಜವಾಗಿ ಬದಲಾಗದೆ ನಿಂತಿತೇ ಎಂದು ಬರೆದುಕೊಳ್ಳಬೇಕು. ಚರಕ ಸುಶ್ರುತರ ನಡುವಿನ ಆ ಹಳೆಯ ಭಿನ್ನಮತಕ್ಕೆ ಉತ್ತರ ಹುಡುಕುವ ಅವಕಾಶ ಹಿಂದಿನ ಯಾವ ಪೀಳಿಗೆಗೂ ಈ ಪ್ರಮಾಣದಲ್ಲಿ ಸಿಕ್ಕಿರಲಿಲ್ಲ. ಈ ಕೆಲಸಕ್ಕೆ ಇಪ್ಪತ್ತು ಮೂವತ್ತು ವರ್ಷಗಳ ತಾಳ್ಮೆ ಬೇಕು. 1908ರಲ್ಲಿ ಮೈಸೂರಿನಲ್ಲಿ ಆಯುರ್ವೇದ ಶಾಲೆ ತೆರೆದ ನಾಡು ನಮ್ಮದು. ಇಲ್ಲಿನ ಕಾಲೇಜುಗಳು ತಮ್ಮ ಸುತ್ತಲಿನ ಒಂದೊಂದು ಊರನ್ನು ಆರಿಸಿಕೊಂಡು, ಮಲೆನಾಡಿನಲ್ಲಿ ಒಂದು, ಬಯಲಿನಲ್ಲಿ ಒಂದು, ಕರಾವಳಿಯಲ್ಲಿ ಒಂದು ಎಂದು ಈ ವರ್ಷದಿಂದಲೇ ಶುರುಮಾಡಬಹುದು. ಇಲ್ಲಿ ಕೂತಿರುವ ವಿದ್ಯಾರ್ಥಿಗಳಲ್ಲಿ ಯಾರಾದರೂ ಮುಂದೆ ಬಂದರೆ ಪ್ರಶ್ನಾವಳಿ ಸಿದ್ಧಪಡಿಸಲು ನಾನು ನಿಮ್ಮೊಡನೆ ಕೂರುತ್ತೇನೆ.